ತನ್ನವರಿಗಷ್ಟೇ ಓಗೊಡುವ ಉಪ್ಪು

ಗಾಜಿನ ಲೋಟ ಕೈಗೆ ಸಿಕ್ಕಿತೆಂದರೆ ಚಮಚದಿಂದ ಅದರ ಒಳಗೋಡೆಯನ್ನು ಕರಕರ ಗೀರುವುದು ನನ್ನ ಚಟ. ಒಳಗೆ ಶರಬತ್ತಿರಲಿ, ಮಜ್ಜಿಗೆಯಿರಲಿ, ಬರೀ ನೀರಿರಲಿ, ಗೀರದೆ ಕುಡಿದರೆ ಕುಡಿದಂತೆಯೇ ಅನಿಸುವುದಿಲ್ಲ. ಮದುವೆಮನೆಗಳಲ್ಲಿ ಪಕ್ಕದ ಎಲೆಯವರು ಹಲ್ಲು ಕಚ್ಚಿಕೊಂಡು ನನ್ನ ಕಡೆ ತಿರುಗುತ್ತಾರೆ. ನನ್ನ ಯಜಮಾನರಂತೂ ಹೋಟೆಲಿಗೆ ಹೋದಕೂಡಲೇ ಮಾಣಿಯನ್ನು ಕರೆದು, "ಇವರಿಗೆ ಸ್ಟೀಲಿನ ಲೋಟದಾಗ ಕೊಡಪಾ, ಗಾಜಿಂದು ಬ್ಯಾಡ" ಎಂದು ಹೇಳಿಬಿಡುತ್ತಾರೆ. ಮಾಣಿ ನನ್ನನ್ನು ಒಂದು ಥರ ನೋಡಿ ಹೋಗುತ್ತಾನೆ.

ಈ ಚಟ ಹತ್ತಿದ್ದು ಉಪ್ಪು ಶುದ್ಧಿ ಮಾಡುವ ಹುಚ್ಚಿನಿಂದ. ಅಡುಗೆಯ ಉಪ್ಪಲ್ಲ, ಹುಣಸೆಹಣ್ಣು, ವಿನಿಗರ್, ನಿಂಬೆ ಇಂಥವುಗಳ ಹುಳಿಗೆ ಸೋಡಾ ಕೂಡಿಸಿದರೆ ಹುಟ್ಟುವ ಉಪ್ಪುಗಳು. ಅವುಗಳ ಶುದ್ಧಿ ಹೇಳುವುದಕ್ಕೆ ಸುಲಭ. ಬಿಸಿನೀರು ಕೈಬಿಚ್ಚಿ ಕರಗಿಸಿಕೊಳ್ಳುತ್ತದೆ, ಆರುತ್ತ ಬಂದಂತೆ ಜಿಪುಣತನ ಹತ್ತಿ ಹೆಚ್ಚಾದದ್ದನ್ನು ಹರಳು ಹರಳಾಗಿ ತಳಕ್ಕೆ ಇಳಿಸುತ್ತದೆ. ಕೊಳೆ ನೀರಿನಲ್ಲೇ ಉಳಿಯುತ್ತದೆ, ಹರಳು ಸ್ವಚ್ಛವಾಗಿ ಕೈಗೆ ಬರುತ್ತದೆ. ಆದರೆ ಕೆಲವೊಮ್ಮೆ ದ್ರಾವಣ ಪೂರ್ತಿ ತಣ್ಣಗಾದರೂ ಏನನ್ನೂ ಬಿಟ್ಟುಕೊಡುವುದಿಲ್ಲ. ಹೊರಲಾಗದಷ್ಟನ್ನು ಹೊತ್ತುಕೊಂಡು, ತಿಳಿನೀರಿನ ಹಾಗೆ, ಸುಮ್ಮನೆ ನಿಂತಿರುತ್ತದೆ. ಪಠ್ಯಪುಸ್ತಕ ಅದನ್ನು ಅತಿಪರ್ಯಾಪ್ತ ದ್ರಾವಣ ಎಂದು ಕರೆದು ಮುಂದಿನ ಪಾಠಕ್ಕೆ ಹೋಗುತ್ತದೆ. ನನಗೆ ಮಾತ್ರ ಅಂಥ ನೀರನ್ನು ಕಂಡರೆ ಇವತ್ತಿಗೂ ಬೆನ್ನು ಜುಮ್ಮೆನ್ನುತ್ತದೆ. ಆಗ ಪಾತ್ರೆಯ ಒಳಮೈಯನ್ನು ಗೀರಿ ನೋಡುವುದು ರೂಢಿ. ಗೀರಿದ ಕಡೆ ಹರಳು ಹುಟ್ಟಿದರೂ ಹುಟ್ಟೀತು.

ಇಷ್ಟು ಹೇಳಿದೆನೆಂದು ನನ್ನನ್ನು ದೊಡ್ಡ ರಸಾಯನಶಾಸ್ತ್ರಜ್ಞೆ ಎಂದುಕೊಳ್ಳಬೇಡಿ. ನಾನು ರಾಯಚೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವವಳು. ನನ್ನ ಪ್ರಯೋಗಶಾಲೆ ಬಚ್ಚಲುಮನೆಯ ಮೂಲೆ. ಮೊದಮೊದಲು ಹುಣಸೆಹಣ್ಣಿನಿಂದ ಹರಳು ತೆಗೆಯಲು ಹೋಗಿ, ವಾರಗಟ್ಟಲೆ ಕುದಿಸಿ ಸೋಸಿ, ಕೊನೆಗೆ ಕಂದು ಬಣ್ಣದ ಅಂಟು ಅಂಬಲಿಯೊಂದನ್ನು ಪಡೆದೆ. ಇರುವೆಗಳು ಕೂಡ ಬಂದು ಮೂಸಿ ನೋಡಿ ವಾಪಸು ಹೋದವು. ಕಿರಾಣಿ ಅಂಗಡಿಯವನು ನಾನು ಒಯ್ಯುವ ವಿನಿಗರ್ ಬಾಟಲಿಗಳನ್ನು ನೋಡಿ ನೋಡಿ, "ಮೇಡಂ, ನಿಮ್ಮ ಗೋಬಿ ಮಂಚೂರಿ ಬಂಡಿ ಎಲ್ಲಿ ನಿಂದ್ರತದರೀ?" ಎಂದು ಒಂದು ದಿನ ಕೇಳಿಯೇಬಿಟ್ಟ.

ಈ ಹುಚ್ಚು ಹಿಡಿಸಿದವನು ದೇವದುರ್ಗದ ವಿರೂಪಾಕ್ಷ ಕಾಕಾ. ನನ್ನ ತಾಯಿಯ ತಂಗಿ ನೀಲಮ್ಮ ಚಿಗವ್ವನ ಗಂಡ. ಬಜಾರಿನಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಬೇಸಿಗೆ ರಜೆಗೆ ಹೋದಾಗ ಆ ಸ್ಟುಡಿಯೋದ ಕತ್ತಲೆ ಕೋಣೆಯೇ ನಮಗೆ ಆಟದ ಬಯಲು. ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ನೀರಿನೊಳಗಿನ ಬಿಳಿ ಕಾಗದದಲ್ಲಿ ಮೊದಲು ಕಣ್ಣು ಮೂಡುತ್ತಿತ್ತು, ಆಮೇಲೆ ಮೀಸೆ, ಆಮೇಲೆ ಯಾರೋ ಒಬ್ಬ ಪೂರ್ತಿ ಮನುಷ್ಯ. ನನಗೆ ಹೆದರಿಕೆ. ಕಾಕಾನಿಗೆ ನಗು. "ಹೆದರಬ್ಯಾಡಬೇ, ಅಂವ ಮೊದಲ ಅಲ್ಲೇ ಇದ್ದ. ನಾ ಏನ್ ಕರೀಲಿಲ್ಲ" ಎನ್ನುತ್ತಿದ್ದ. ಹಾಗೆ ಹೇಳಿದರೆ ಹೆದರಿಕೆ ಹೆಚ್ಚುತ್ತಿತ್ತು ಎನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲವೋ ಏನೋ.

ಫೋಟೋ ತೊಳೆಯುವ ಕೆಲಸಕ್ಕೆ ಮೂಗು ಸುಡುವ ಅಸಿಟಿಕ್ ಆಮ್ಲ ಬೇಕಾಗುತ್ತಿತ್ತು. ವಿನಿಗರ್‌ನ ಹುಳಿ ಅದರದೇ. ಕಾಕಾ ಉಳಿದ ಆಮ್ಲಕ್ಕೆ ಬಟ್ಟೆಸೋಡಾ ಹಾಕಿ ನೊರೆ ಉಕ್ಕಿಸಿ, ಇಂಗಿಸಿ, ಮಾಸಲು ಉಪ್ಪು ತೆಗೆಯುತ್ತಿದ್ದ. ಅದನ್ನು ಮತ್ತೆ ಬಿಸಿನೀರಿನಲ್ಲಿ ಕರಗಿಸಿ, ತನ್ನ ಹಳೆಯ ಧೋತರದಲ್ಲಿ ಸೋಸಿ, ಆರಿಸಿ, ಮತ್ತೆ ಕರಗಿಸಿ, ಬೆಳ್ಳನೆ ಸೂಜಿಗಳಂಥ ಹರಳು ಮಾಡುತ್ತಿದ್ದ. ಸೋಡಿಯಂ ಅಸಿಟೇಟ್ ಎಂಬ ಹೆಸರು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಅವನು ಅದನ್ನು ಹುಳಿ ಉಪ್ಪು ಎಂದಷ್ಟೇ ಕರೆಯುತ್ತಿದ್ದ. ಅವನ ಬೆರಳ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಅವನು ಕೊಡುವ ಪೆಪ್ಪರಮಿಂಟಿನಲ್ಲಿ ಕೂಡ ಆ ಹುಳಿ ವಾಸನೆ ಇರುತ್ತಿತ್ತು.

ಆ ಉಪ್ಪಿನದೊಂದು ಆಟವಿತ್ತು. ಮಟಮಟ ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಕಾಕಾ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ಒಂದು ಬಟ್ಟಲಲ್ಲಿ ತಿಳಿನೀರಿನಂಥದ್ದನ್ನು ಇಡುತ್ತಿದ್ದ. ಮರಳು ಹಾಕ್ರಿ ಎನ್ನುತ್ತಿದ್ದ, ಹಾಕುತ್ತಿದ್ದೆವು, ಏನೂ ಇಲ್ಲ. ಸಕ್ಕರೆ, ಏನೂ ಇಲ್ಲ. ರಾಗಿಕಾಳು, ಏನೂ ಇಲ್ಲ. ಕೊನೆಗೆ ತನ್ನ ಉಗುರಿನ ತುದಿಗೆ ಆ ಉಪ್ಪಿನದೇ ಒಂದು ಕಣ ಹಚ್ಚಿಕೊಂಡು ನೀರನ್ನು ಮುಟ್ಟುತ್ತಿದ್ದ. ಮುಟ್ಟಿದ ಕಡೆಯಿಂದ ಬಿಳಿ ಗೆರೆಗಳು ನಾಲ್ಕೂ ದಿಕ್ಕಿಗೆ ಓಡಿ, ಉಸಿರು ಬಿಡುವುದರೊಳಗೆ ಬಟ್ಟಲು ಪೂರಾ ಕಲ್ಲು. ಕೈಯಿಟ್ಟು ನೋಡಿದರೆ ಬಿಸಿ. ಈಗಷ್ಟೇ ಎದ್ದುಹೋದವರ ಹಾಸಿಗೆಯ ಬಿಸಿ. "ಅದು ತನ್ನವರನ್ನ ಬಿಟ್ಟು ಯಾರಿಗೂ ಓಗೊಡಂಗಿಲ್ಲ" ಎನ್ನುತ್ತಿದ್ದ ಕಾಕಾ. ಸೋಡಿಯಂ ಅಸಿಟೇಟಿನ ಸ್ವಭಾವವೇ ಅದು. ಬೇರೆ ಉಪ್ಪುಗಳು ಒಂದು ಗೀರಿಗೆ, ಒಂದಿಷ್ಟು ಧೂಳಿಗೆ ಒಪ್ಪಿಕೊಂಡುಬಿಡುತ್ತವೆ. ಇದಕ್ಕೆ ತನ್ನದೇ ಬೀಜ ಬೇಕು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿವರಾತ್ರಿಗೆ ಮುಂಚೆ ಚಿಗವ್ವನ ಮನೆಯಲ್ಲಿ ವಿಭೂತಿ ಮಾಡುತ್ತಿದ್ದರು. ಹಿತ್ತಿಲಲ್ಲಿ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿ ಚೆಲ್ಲಿ, ತಳದ ನುಣುಪನ್ನು ಗಟ್ಟಿ ಕಟ್ಟಿ ಒಣಗಿಸುವುದು. ಅದೂ ಒಂದು ಶುದ್ಧಿಯೇ. ಕಟ್ಟುವಾಗ ಕಾಕಾ ಒಂದು ಚಿಟಿಕೆ ಹುಳಿ ಉಪ್ಪು ಬೆರೆಸುತ್ತಿದ್ದ, ಗಟ್ಟಿ ಪುಡಿಯಾಗದೆ ನಿಲ್ಲುತ್ತದೆ ಎಂದು. "ಶಿವನ ವಿಭೂತಿಗೂ ನಿಮ್ಮ ಹುಳಿ ಹಾಕಬೇಕೇನ್ರೀ?" ಎಂದು ಚಿಗವ್ವ ಬೈಯುತ್ತಿದ್ದಳು. ಅಂಥ ವಿಭೂತಿ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಕಾಕಾ ಕೆಲವು ತಿಂಗಳು ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದನಂತೆ. ಒಂದು ಮಧ್ಯಾಹ್ನ ಎದ್ದು, ಮೂತಿಗೆ ಮೇಣ ಬಳಿದ ಗಾಜಿನ ಬಾಟಲಿಯೊಂದನ್ನು ದೇವರ ಮಾಡದ ಪಕ್ಕದ ಗೂಡಿನಲ್ಲಿ ಇಟ್ಟು, "ನಾ ಬರೂತನ ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬರಲಿಲ್ಲ. ಹುಡುಕದ ಊರಿಲ್ಲ, ಕೇಳದ ಮಠವಿಲ್ಲ. ಬಾವಿಗಳನ್ನೂ ನೋಡಿದರು. ಹೋದ ಮನುಷ್ಯ ಫೋಟೋ ತೆಗೆಯುವವನು, ಅವನದೇ ಒಂದು ಸರಿಯಾದ ಫೋಟೋ ಮನೆಯಲ್ಲಿರಲಿಲ್ಲ.

ಚಿಗವ್ವ ಅಳುತ್ತ ಕೂರುವ ಪೈಕಿ ಅಲ್ಲ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಪಡಸಾಲೆಯಲ್ಲೇ ರೊಟ್ಟಿ ಬಡಿಯುವ ಕೆಲಸ ಶುರುಮಾಡಿದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ದಪದಪ ಸದ್ದು. ಜೋಳದ ಹಿಟ್ಟು ತೊಲೆಯ ಮೇಲೆ, ಗಡಿಯಾರದ ಮೇಲೆ, ಹೆಂಗಸರ ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಬಾಟಲಿಯನ್ನು ಮಾತ್ರ ಅವಳು ದಿನಾ ಒರೆಸುತ್ತಿದ್ದಳು, ಅಲುಗಾಡಿಸದೆ. ಒಳಗಿನ ನೀರು ಹಾಗೇ ಇತ್ತು. ವರ್ಷಗಳು ಹೋದವು, ಹಾಗೇ ಇತ್ತು. "ನೀರು ನೀರಾಗೇ ಅದ ನೋಡವ್ವಾ, ಅಂದ್ರ ಅವರು ಹಾದ್ಯಾಗ ಅದಾರ" ಎಂದು ಒಮ್ಮೆ ಹೇಳಿದಳು. ಅದು ಏನು ನೀರು, ಮುಚ್ಚಿಟ್ಟರೆ ಯಾಕೆ ಹಾಗೇ ಇರುತ್ತದೆ ಎಂದು ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದನ್ನೇ ನಾನೂ ಹೇಳಿದ್ದು" ಎಂದು ಹಿಟ್ಟು ನಾದಲು ಹೋದಳು.

ಹೋದ ಬೇಸಿಗೆಯಲ್ಲಿ ಕಾಕಾನ ಅಣ್ಣ ಶರಣಪ್ಪ ದೊಡ್ಡಪ್ಪ ಮಾನ್ವಿಯಿಂದ ಬಂದರು. ಅಕ್ಕಿ ಗಿರಣಿಯ ಯಜಮಾನರು, ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಅವರ ಮಗನ ಮದುವೆ ಗೊತ್ತಾಗಿತ್ತು. ಬೀಗರು ಕೇಳಿದ್ದರಂತೆ, ನಿಮ್ಮ ತಮ್ಮ ಇದ್ದಾನೋ ಇಲ್ಲವೋ, ಅವರ ಮನೆಯವರು ಆರತಿ ಹಿಡಿಯುವ ಮುತ್ತೈದೆಯರಲ್ಲಿ ನಿಲ್ಲುತ್ತಾರೋ ಹಿಂದೆ ಕೂರುತ್ತಾರೋ. ಆದ್ದರಿಂದ ಕಾಕಾನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿ, ಜಂಗಮರಿಗೆ ಊಟ ಹಾಕಿ, ಒಂದು ತೀರ್ಮಾನಕ್ಕೆ ಬರೋಣ ಎನ್ನುವುದು ದೊಡ್ಡಪ್ಪನ ಮಾತು. ಹೆಣವಿಲ್ಲದೆ ಸತ್ತವರ ಕಾರ್ಯ. ಚಿಗವ್ವ ಕುಂಕುಮ ಅಳಿಸಬೇಕು, ಬಳೆ ತೆಗೆಯಬೇಕು. ರಜೆಯೆಂದು ನಾನೂ ಅಂದು ಅಲ್ಲೇ ಇದ್ದೆ.

"ನಾ ಒಲ್ಲೆ ಅನ್ನಂಗಿಲ್ರೀ ಬಾವಾರೆ" ಎಂದಳು ಚಿಗವ್ವ, ಒಲೆಯ ಮುಂದಿನಿಂದಲೇ. "ಅವರು ಸತ್ತಾರ ಅಂತ ಒಬ್ಬರು ನೋಡಿದವರು ಬಂದು ಹೇಳಲಿ. ಇವತ್ತೇ ಬಳಿ ಒಡಕೋತೀನಿ."

"ನೋಡಿದವರನ್ನ ಎಲ್ಲಿಂದ ತರ್ಲಿ ನೀಲವ್ವಾ? ಈ ಬಾಟ್ಲಿ ನೋಡಿಕೋತ ಎಷ್ಟು ವರ್ಷ ಕುಂದರತಿ?"

ದೊಡ್ಡಪ್ಪ ತಾವು ತಂದಿದ್ದ ವಿಭೂತಿಯನ್ನು ಹಚ್ಚಿಕೊಂಡರು, ನನ್ನ ಹಣೆಗೂ ಹಚ್ಚಿದರು. "ಭಾಳ ಸತ್ಯುಳ್ಳ ವಿಭೂತಿ ಇದು" ಎಂದು ಒಂದು ತುಂಡನ್ನು ಕಾಗದದಲ್ಲಿ ಕಟ್ಟಿ ನನಗೆ ಕೊಟ್ಟರು. ಆಮೇಲೆ ಎದ್ದು ಗೂಡಿನಿಂದ ಬಾಟಲಿ ತೆಗೆದರು. ಚಿಗವ್ವ "ಮುಟ್ಟಬ್ಯಾಡ್ರಿ!" ಎಂದು ಕೂಗುವಷ್ಟರಲ್ಲಿ ಬೀಗದಕೈಯಿಂದ ಮೇಣ ಕಿತ್ತು ಬಿರಡೆ ತೆಗೆದಿದ್ದರು. ಒಳಗೇನಿದೆ ಎಂದು ಮೂತಿಯ ಮೇಲೆ ಬಗ್ಗಿದರು. ಅವರ ಹಣೆಯಿಂದಲೋ ಬೆರಳಿನಿಂದಲೋ ಒಂದು ಬಿಳಿ ಕಣ ಉದುರಿದ್ದನ್ನು ನಾನು ಕಣ್ಣಾರೆ ಕಂಡೆ.

ಬಾಟಲಿಯ ಕುತ್ತಿಗೆಯಿಂದ ಬಿಳಿ ಸೂಜಿಗಳು ಕೆಳಗಿಳಿದವು. ಕಣ್ಣೆದುರಿಗೇ, ಸದ್ದಿಲ್ಲದೆ, ತಳದವರೆಗೆ. ರೊಟ್ಟಿ ಬಡಿಯುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ಬಾಗಿಲಾಚೆ ಬಿಸಿಲು ಕುದಿಯುತ್ತಿತ್ತು.

"ನೀರು ಕಲ್ಲಾತು" ಎಂದರು ದೊಡ್ಡಪ್ಪ. "ಇನ್ನೇನ್ ಸಾಕ್ಷಿ ಬೇಕವ್ವಾ? ಅಂವ ಲಿಂಗೈಕ್ಯ ಆಗ್ಯಾನ."

ಚಿಗವ್ವ ಬಾಟಲಿ ಕಸಿದುಕೊಂಡು ಎದೆಗೆ ಒತ್ತಿಕೊಂಡಳು. ಅವಳ ಮುಖ ಬದಲಾಯಿತು. "ಬೆಚ್ಚಗದ" ಎಂದಳು. "ಮೈ ಬೆಚ್ಚಗದ. ಜೀವ ಅದ."

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಇಷ್ಟು ವರ್ಷದ ಬಚ್ಚಲುಮನೆ ವಿದ್ಯೆಗೆ ಅಂಥ ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ, ಸಿಗದಿದ್ದರೇ ಚೆನ್ನಾಗಿತ್ತು. ಎರಡೂ ಅಲ್ಲ ಎಂದೆ. ವಿಭೂತಿಯ ಧೂಳು ಬಿತ್ತು, ಹರಳು ಕಟ್ಟಿತು, ಕಟ್ಟುವಾಗ ಬಿಸಿ ಬಿಡುವುದು ಅದರ ಗುಣ. ಕಾಯಿಸಿದರೆ ಮತ್ತೆ ನೀರಾಗುತ್ತದೆ. ಇಷ್ಟನ್ನು ಪಾಠದ ಹಾಗೆ ಒಪ್ಪಿಸಿದೆ. ಚಿಗವ್ವ ಬಾಟಲಿಯನ್ನು ನನ್ನ ಕೈಗಿಟ್ಟಳು. "ಹಂಗಾರ ಮತ್ತ ನೀರು ಮಾಡಿ ತಂದು ಕೊಡು. ಆಮ್ಯಾಲ ನಾ ಹೂಂ ಅಂತೀನೋ ಉಹೂಂ ಅಂತೀನೋ ಹೇಳ್ತೀನಿ."

ರಾಯಚೂರಿಗೆ ತಂದು ಕುದಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ನಿಲ್ಲಿಸಿದೆ. ಕರಗಿತು. ಆರುವಾಗ ಮತ್ತೆ ಕಲ್ಲಾಯಿತು. ಬಿರಡೆಯ ಕೆಳಗೆ ಒಂದು ಕಣ ಅಡಗಿ ಕೂತಿತ್ತು. ಎಲ್ಲವನ್ನೂ ತೊಳೆದು ಮತ್ತೆ ಕಾಯಿಸಿದ ಮೇಲೆ ತಿಳಿಯಾಗಿ ನಿಂತಿತು. ನನ್ನ ಯಜಮಾನರು ಬಂದು ನೋಡಿ, "ನಿನ್ನ ಕಾಕಾ ಕುದ್ಯಾಕತ್ತಾನೇನು?" ಎಂದರು. ನಗಲು ಹೋದೆ, ನಗು ಬರಲಿಲ್ಲ.

ಆಗಲೇ ನನಗೆ ಹೊಳೆದದ್ದು. ದಾರಿಯುದ್ದಕ್ಕೂ ಏನೋ ಚುಚ್ಚುತ್ತಿತ್ತು, ಏನೆಂದು ತಿಳಿದಿರಲಿಲ್ಲ. ವಿಭೂತಿಯ ಧೂಳಿಗೆ ಈ ಉಪ್ಪು ಯಾಕೆ ಓಗೊಟ್ಟಿತು? ಚಿಗವ್ವನ ಮುಂದೆ ನಾನು ಅಷ್ಟು ಜೋರಾಗಿ ಒಪ್ಪಿಸಿದ ಪಾಠ ಅರ್ಧ ಸುಳ್ಳಾಗಿತ್ತು.

ಬಟ್ಟಲುಗಳಿಗೆ ಒಂದಿಷ್ಟು ದ್ರಾವಣ ಸುರಿದು ಮೇಲೆ ತಟ್ಟೆ ಮುಚ್ಚಿದೆ. ಮಧ್ಯಾಹ್ನ, ಕರೆಂಟು ಹೋಗಿತ್ತು, ಫ್ಯಾನು ನಿಂತು ಮನೆಯೊಳಗೆ ಬಿಸಿಲು ಗುಂಯ್ಗುಡುತ್ತಿತ್ತು. ನಮ್ಮ ಮನೆಯ ದೇವರ ಮುಂದಿನ ವಿಭೂತಿಯನ್ನು ಉದುರಿಸಿದೆ. ಪುಡಿ ತಳಕ್ಕಿಳಿದು ಕೂತಿತು, ನೀರು ನೀರಾಗಿಯೇ ಇತ್ತು. ಪಕ್ಕದ ಮನೆಯವರ ವಿಭೂತಿ ಕೇಳಿ ತಂದು ಹಾಕಿದೆ. ಏನೂ ಇಲ್ಲ. ಜೋಳದ ಹಿಟ್ಟು ಹಾಕಿದೆ. ಏನೂ ಇಲ್ಲ. ಹಾಳಾದ ಚಮಚದಿಂದ ಗೀರಿದೆ. ಏನೂ ಇಲ್ಲ. ಆಮೇಲೆ ದೊಡ್ಡಪ್ಪ ಕೊಟ್ಟ ತುಂಡನ್ನು ಕಾಗದದಿಂದ ಬಿಚ್ಚಿ, ಅದರ ತುದಿಯನ್ನು ಇನ್ನೊಂದು ಬಟ್ಟಲಿನ ನೀರಿಗೆ ತಾಗಿಸಿದೆ.

ಬಿಳಿ ಗೆರೆಗಳು ನನ್ನ ಬೆರಳಿನ ಕೆಳಗಿನಿಂದ ಓಡಿದವು. ಕೈ ಹಿಂದಕ್ಕೆಳೆದುಕೊಂಡೆ. ತುಂಡನ್ನು ಮೂಗಿನ ಹತ್ತಿರ ತಂದೆ. ಬೂದಿಯ ವಾಸನೆಯ ಹಿಂದೆ, ಎಳೆಯಷ್ಟು, ಹುಳಿ. ನಾನು ಬಚ್ಚಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೋಣೆಯಲ್ಲಿ ಯಾರೋ ಇದ್ದಾರೆ ಎನಿಸಿತು. ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ.

ಮರುದಿನವೇ ಮಾನ್ವಿ ಬಸ್ಸು ಹತ್ತಿದೆ. ನಾನು ಹೋದಾಗ ಗಿರಣಿ ಊಟಕ್ಕೆ ನಿಂತಿತ್ತು. ಹಮಾಲರು ಚೀಲಗಳ ನೆರಳಿನಲ್ಲಿ ಮಲಗಿದ್ದರು, ತೌಡಿನ ಧೂಳು ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ಆ ವಿಭೂತಿ ಎಲ್ಲಿಯದೆಂದು ಕೇಳಿದ್ದಕ್ಕೆ ದೊಡ್ಡಪ್ಪ ನನ್ನನ್ನು ಕಚೇರಿ ಕೋಣೆಯ ಹೊಸ್ತಿಲಿಗೆ ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿದರು.

"ಇಲ್ಲಿ. ವರ್ಷಕ್ಕೊಮ್ಮೆ, ಎರಡ ಸಲ. ಹಿಂಗ ಮಧ್ಯಾಹ್ನ ಎಲ್ಲರೂ ಮಲಗಿದಾಗ ಯಾರೋ ಇಟ್ಟು ಹೋಗ್ತಾರ. ಇನ್ನೂ ಹಸೀನೇ ಇರ್ತದ ಗಟ್ಟಿ."

"ಯಾರು ಅಂತ ನೋಡಿಲ್ಲೇನ್ರೀ?"

"ಬಾಗಲವಾಡದ ಕಡಿ ಹೊಲದಾಗ ಬಿಳಿ ಅರಬಿ ಹಾಕ್ಕೊಂಡ ಒಬ್ಬ ಅಜ್ಜ ಹೋಗೋದು ಕಂಡದ ಅಂತ ಹಮಾಲರು ಅಂತಾರ. ನಮ್ಮ ನಾಯಿ ಹೊಸಬರನ್ನ ಕಂಡ್ರ ಹರಕೊಂಡ ತಿಂತದ. ಅವತ್ತು ಮಾತ್ರ ಬಾಲ ಮುದುರಿಕೊಂಡು ಬಿದ್ದಿರ್ತದ. ದೇವರ ಕೆಲಸ ಅಂದುಕೊಂಡೆವ್ವಾ, ಬೆನ್ನು ಹತ್ತಿ ಹೋಗಲಿಲ್ಲ."

ಬಟ್ಟಲುಗಳ ಕಥೆ ಹೇಳಿದೆ. ದೊಡ್ಡಪ್ಪ ಹಣೆಯ ವಿಭೂತಿಯನ್ನು ಮುಟ್ಟಿ, ಬೆರಳನ್ನು ಮೂಸಿ ನೋಡಿದರು. ಅಕ್ಕಿ ಚೀಲದ ಮೇಲೆ ಕುಸಿದು, ದೊಡ್ಡ ಮನುಷ್ಯರು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನನ್ನ ತಮ್ಮನ ಕೈ ಇದು. ಇಷ್ಟು ವರ್ಷ ಹಣೀಗೆ ಹಚಿಗೊಂಡು ಅಡ್ಡಾಡೀನಿ. ಅವನದೇ ತಿಥಿ ಮಾಡಾಕ ಹೊಂಟಿದ್ದೆ." ಅವರು ಅತ್ತರು. ನನಗೂ ಅಳು ಬಂತು. ಅದರ ಜೊತೆಗೆ, ಒಂದು ಬಗೆಯ ಖುಷಿಯೂ ಇತ್ತು. ಚಿಗವ್ವನಿಗೆ ಈ ಸುದ್ದಿ ನಾನೇ ಹೇಳಬೇಕು ಎನ್ನುವ ಆತುರ.

ದೊಡ್ಡಪ್ಪನ ಕಾರಿನಲ್ಲೇ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆವು. ದಾರಿಯಲ್ಲಿ ಹೊಲದೊಳಗೆ ಬಿಳಿ ಬಟ್ಟೆ ಕಂಡಾಗಲೆಲ್ಲ ಅವರು ಕಾರು ನಿಲ್ಲಿಸುತ್ತಿದ್ದರು. ಒಂದು ಕಡೆ ಅದು ಬೆದರುಗೊಂಬೆ, ಇನ್ನೊಂದು ಕಡೆ ಒಣಗಲು ಹಾಕಿದ ಧೋತರ.

ಚಿಗವ್ವ ಹಂಚಿನ ಮುಂದೆ ಕೂತೇ ಎಲ್ಲವನ್ನೂ ಕೇಳಿದಳು. ಅವಸರದಲ್ಲಿ ನಾನು ಹಿಂದುಮುಂದಾಗಿ ಹೇಳಿದೆ. ಖಂಡಿತ ಅವನೇ ಎನ್ನಲಾಗದು, ಅವನಿಂದ ಕಲಿತ ಬೇರೆ ಯಾರಾದರೂ ಇರಬಹುದು ಎಂದೂ ಸೇರಿಸಿದೆ. ವಿಜ್ಞಾನದ ಮರ್ಯಾದೆ ಉಳಿಸಬೇಕಲ್ಲ. ಅವಳು ರೊಟ್ಟಿ ಮಗುಚಿದಳು, ನೀರು ಸವರಿದಳು. ನೀರು ಮಾಡಿ ತಂದಿದ್ದ ಬಾಟಲಿಯ ಕಡೆ ನೋಡಲೇ ಇಲ್ಲ.

"ಎಷ್ಟು ವರ್ಷದಿಂದ ಇಡಾಕತ್ತಾರ?"

"ಗಿರಣಿ ಹೊಸ ಕಟ್ಟಡ ಆದಾಗಿಂದ ಅವ್ವಾ. ಭಾಳ ವರ್ಷ ಆತು" ಎಂದರು ದೊಡ್ಡಪ್ಪ.

"ಮಾನ್ವಿತನ ನಡಕೊಂಡು ಬರ್ತಾರ."

"ಹೂಂ."

"ನಿಮ್ಮ ಹೊಸ್ತಿಲಿಗೆ ಇಡ್ತಾರ."

ಅವಳ ಮಾತು ಎಲ್ಲಿಗೆ ಹೊರಟಿದೆಯೆಂದು ನನಗೆ ಆಗ ಗೊತ್ತಾಯಿತು, ನನ್ನ ಖುಷಿಯೆಲ್ಲ ಇಳಿದುಹೋಯಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಯಾರೂ ತೆಗೆಯಲಿಲ್ಲ.

"ಗಣಾರಾಧನಿ ಯಾವಾಗ ಇಟಗೋಣ್ರೀ ಬಾವಾರೆ?" ಎಂದಳು.

"ಏ ನೀಲವ್ವಾ, ಏನ್ ಮಾತಾಡಾಕತ್ತಿ? ಬದುಕಿದ ಮನಷ್ಯಾನ ಕಾರ್ಯ ಮಾಡ್ತಾರೇನು? ಪಾಪ ಹತ್ತತದ. ಹುಡುಕಿಸ್ತೀನಿ ನಾ. ಬಾಗಲವಾಡದಾಗ ಮನಿ ಮನಿ ಹೊಕ್ಕು ಹುಡುಕಿಸ್ತೀನಿ. ಕಾಲು ಹಿಡದು ಕರಕೊಂಡು ಬರ್ತೀನಿ."

"ಬ್ಯಾಡ್ರೀ" ಎಂದಳು ಚಿಗವ್ವ. ದನಿ ಏರಿಸಲಿಲ್ಲ. "ಸತ್ತಿದ್ರ ಇನ್ನೂ ಕಾಯ್ತಿದ್ದೆ ನಾ. ಸಾಯೂತನ ಕಾಯ್ತಿದ್ದೆ. ಬದುಕ್ಯಾರಲ್ಲ, ಮಾಡ್ರಿ ಕಾರ್ಯ."

ದೊಡ್ಡಪ್ಪ ಕೈಮುಗಿದರು, ಗದರಿದರು, ಊರ ಹಿರಿಯರನ್ನು ಕರೆಸಿದರು. ಅವಳದು ಅದೊಂದೇ ಮಾತು. ಹಿರಿಯರಿಗೆ ಉಪ್ಪಿನ ಕಥೆ ನಂಬಿಸಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಅವರು ಬಾಟಲಿಯನ್ನು ನೋಡಿ ಮೂರು ಮೊಳ ದೂರ ಸರಿದು ಕೂತರು. ಕೊನೆಗೆ, ಹಸಿ ಗಟ್ಟಿ ಇಡುವವನ ಮುಖವನ್ನು ಯಾರೂ ನೋಡಿಲ್ಲ, ನಾಯಿ ಕೂಡ ಬೊಗಳಿಲ್ಲ, ಅವನು ಬದುಕಿದವನೇ ಎಂದು ಹೇಗೆ ಹೇಳುತ್ತೀರಿ ಎಂದು ಅವರಲ್ಲೊಬ್ಬರು ಕೇಳಿದರು. ಆ ಮಾತಿನ ಮೇಲೆಯೇ ಕಾರ್ಯಕ್ಕೆ ದಿನ ಗೊತ್ತುಮಾಡಿದರು. ಅಷ್ಟು ದಿನವೂ ದೊಡ್ಡಪ್ಪ ಗಿರಣಿಯ ಹೊಸ್ತಿಲ ಬಳಿ ಮಧ್ಯಾಹ್ನ ಎಚ್ಚರವಿದ್ದು ಕೂತರಂತೆ. ಯಾರೂ ಬರಲಿಲ್ಲ.

ಕಾರ್ಯದ ದಿನ ಚಿಗವ್ವ ಬೆಳಿಗ್ಗೆಯೇ ಬಳೆ ತೆಗೆದಿಟ್ಟು, ಹಣೆ ತೊಳೆದುಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಗೆ ನಿಂತಿದ್ದಳು. ಖಾಲಿ ಕೈಗಳನ್ನು ನೋಡಲಾಗದೆ ನಾನು ಬೇರೆ ಕಡೆ ನೋಡುತ್ತಿದ್ದೆ. ಜಂಗಮರ ಪಾದಪೂಜೆಯಾಯಿತು, ಮೊದಲ ಪಂಕ್ತಿ ಎದ್ದಿತು. ಸೂರ್ಯ ನೆತ್ತಿಯ ಮೇಲಿದ್ದ. ಎಲೆ ಒಗೆಯಲು ಬುಟ್ಟಿ ಹಿಡಿದು ಹೊರಬಾಗಿಲಿಗೆ ಬಂದ ನಾನು ಅಲ್ಲೇ ನಿಂತೆ.

ಹೊಸ್ತಿಲಾಚೆ, ಮೆಟ್ಟಿಲಿನ ನಟ್ಟನಡುವೆ, ವಿಭೂತಿಯ ಗಟ್ಟಿ. ಇನ್ನೂ ಹಸಿ. ಅದನ್ನು ಒತ್ತಿದ ಬೆರಳುಗಳ ಗುರುತು ಕಾಣುತ್ತಿತ್ತು. ಅದರ ಸುತ್ತ ಕಲ್ಲಿನ ಮೇಲೆ ನೀರಿನ ಕಲೆ, ಆ ಬಿಸಿಲಿನಲ್ಲಿ ನಿಮಿಷದೊಳಗೆ ಆರಬೇಕಾದದ್ದು, ಆರಿರಲಿಲ್ಲ. ನನ್ನ ಕೂಗು ಕೇಳಿ ದೊಡ್ಡಪ್ಪ ಬಂದರು. ನೋಡಿದವರೇ ಬರಿಗಾಲಲ್ಲಿ ಓಣಿಗೆ ಇಳಿದು, "ವಿರುಪಾ! ಲೇ ವಿರುಪಾ!" ಎಂದು ಕೂಗುತ್ತ ಆ ತುದಿಗೊಮ್ಮೆ ಈ ತುದಿಗೊಮ್ಮೆ ಓಡಿದರು. ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಬಿಸಿಲು. ಒಂದು ನಾಯಿ ಗೋಡೆಗೆ ಒತ್ತಿಕೊಂಡು ಮಲಗಿತ್ತು, ತಲೆ ಎತ್ತಲಿಲ್ಲ.

ಉಂಡವರ ಕೈಗೆ ನೀರು ಕೊಡಲು ತಂಬಿಗೆ ಹಿಡಿದು ಚಿಗವ್ವ ಹೊರಗೆ ಬಂದಳು. ಗಟ್ಟಿಯನ್ನು ನೋಡಿದಳು. ಬಗ್ಗಲಿಲ್ಲ. ತಂಬಿಗೆಯನ್ನು ಓರೆ ಮಾಡಿ ಅದರ ಮೇಲೆ ನೀರು ಸುರಿದಳು. ಗಟ್ಟಿ ಒಡೆದು, ಬೆರಳ ಗುರುತು ಅಳಿಸಿ, ಬೆಳ್ಳಗೆ ಮೆಟ್ಟಿಲಿಳಿದು ಗಟಾರದ ಕಡೆ ಹರಿಯಿತು. ಮೂಲೆಯಲ್ಲಿ ಉಳಿದದ್ದನ್ನು ಕಾಲಿನಿಂದ ಉಜ್ಜಿ ಅದಕ್ಕೂ ನೀರು ಹಾಕಿದಳು.

"ಬಾವಾರೆ, ಒಳಗ ಬರ್ರಿ" ಎಂದು ಓಣಿಯ ಕಡೆ ಕೂಗಿದಳು. "ಇನ್ನೊಂದು ಪಂಕ್ತಿ ಕುಂದ್ರೋದದ."